ಭಾಷೆಗೆ ತಪ್ಪುವ ರಾಯರ ಗಂಡ ಬೇಕಾಗಿದ್ದಾನೆ

ಡಿಸೆಂಬರ್ ಮುಗಿಯುತ್ತ ಬಂದಾಗ ನಮ್ಮ ತೋರಣಗಲ್ಲಿನಲ್ಲಿ ಎಲ್ಲರೂ ಸಾಧಕರಾಗುತ್ತಾರೆ. ಬೇಕರಿಗಳ ಮುಂದೆ ಕೇಕಿನ ಡಬ್ಬಿಗಳನ್ನು ಪೇರಿಸುವ ಹೊತ್ತಿಗೆ ಸರಿಯಾಗಿ ವಾಟ್ಸಾಪ್ ಸ್ಟೇಟಸ್ಸುಗಳಲ್ಲಿ ಹೋದ ವರ್ಷದ ಲೆಕ್ಕ ಶುರುವಾಗುತ್ತದೆ. ಏನು ಕೊಂಡೆ, ಎಲ್ಲಿಗೆ ಹೋದೆ, ಯಾರ ಪಕ್ಕ ನಿಂತೆ. ಹಿಂದೆಲ್ಲ ಇದಕ್ಕೆ ಡೈರಿ ಬೇಕಿತ್ತು, ಅದನ್ನು ಬರೆದು ಬಚ್ಚಿಡುವಷ್ಟು ನಾಚಿಕೆಯೂ ಇತ್ತು. ಈಗ ಫೋನೇ ಹನ್ನೆರಡು ತಿಂಗಳನ್ನು ಸೋಸಿ, ಹಿಂದೊಂದು ಹಾಡು ಹಾಕಿ, ಅರ್ಧ ನಿಮಿಷದ ವಿಡಿಯೊ ಮಾಡಿ ಕೈಗಿಡುತ್ತದೆ. ಅದರಲ್ಲಿ ಯಾರೂ ಅಳುವುದಿಲ್ಲ, ಯಾರೂ ಸಾಲ ಕೇಳುವುದಿಲ್ಲ, ಯಾರ ಅಂಗಿಯ ಮೇಲೂ ಕೆಂಪು ಧೂಳು ಕೂತಿರುವುದಿಲ್ಲ. ಧೂಳಿಲ್ಲದ ತೋರಣಗಲ್ಲನ್ನು ತೋರಿಸುವ ತಾಕತ್ತು ಸದ್ಯಕ್ಕೆ ಇರುವುದು ಈ ಫೋನಿಗೊಂದಕ್ಕೇ.

2024ರ ಕೊನೆಗೆ ನಮ್ಮ ಓಣಿಯ ಕಾಂಟ್ರಾಕ್ಟರ್ ಸಾಹೇಬರು ಹಾಕಿದ ಸ್ಟೇಟಸ್ಸನ್ನು ಶ್ರದ್ಧೆಯಿಂದ ನೋಡಿದೆ. ಮನೆಯ ಮೇಲೆ ಎರಡನೇ ಅಂತಸ್ತು ಎದ್ದಿತ್ತು. ಒಡಿಶಾ, ಬಿಹಾರದಿಂದ ಬರುವ ಹುಡುಗರಿಗೆ ಬಾಡಿಗೆಗೆ ಸಾಲು ರೂಮುಗಳು. ಹಂಪಿ ಉತ್ಸವದಲ್ಲಿ ಮುಂದಿನ ಸಾಲಿನ ಕುರ್ಚಿ. ಕಲ್ಲಿನ ರಥದ ಮುಂದೆ ಕಪ್ಪು ಕನ್ನಡಕ. ಆಮೇಲೆ ಸಂಸದರ ಜೊತೆಗೊಂದು ಫೋಟೊ, ಶಾಸಕಿಯ ಜೊತೆಗೊಂದು ಫೋಟೊ. ಸಂಡೂರು ಕ್ಷೇತ್ರದಲ್ಲಿ ಆ ವರ್ಷ ಇದೊಂದು ಅನುಕೂಲವಾಯಿತು. ಶಾಸಕರಾಗಿದ್ದ ಇ. ತುಕಾರಾಂ ಬಳ್ಳಾರಿಯಿಂದ ಲೋಕಸಭೆಗೆ ಹೋದರು, ತೆರವಾದ ಜಾಗಕ್ಕೆ ನವೆಂಬರ್‌ನಲ್ಲಿ ಅವರ ಪತ್ನಿ ಅನ್ನಪೂರ್ಣ ಗೆದ್ದು ಬಂದರು. ಎರಡೂ ಫೋಟೊ ಒಂದೇ ಮನೆಯಲ್ಲಿ ಮುಗಿಯುತ್ತದೆ. ಪೆಟ್ರೋಲ್ ಉಳಿತಾಯ.

ಸ್ಟೇಟಸ್ ಇಲ್ಲದವರನ್ನೂ ಕೇಳೋಣವೆಂದು ಒಗ್ಗಾಣಿ-ಮಿರ್ಚಿ ಮಾಡುವ ಅಕ್ಕನ ಬಂಡಿಯ ಹತ್ತಿರ ಹೋದೆ.

“ಈ ವರ್ಷ ನಿಮ್ದೇನು ವಿಶೇಷ ಅಕ್ಕಾ?”

“ವಿಶೇಷ ಏನ್ ಬಂತಪ್ಪಾ? ಎಣ್ಣಿ ರೇಟು ದೊಡ್ಡದಾತು, ಮಿರ್ಚಿ ಸಣ್ಣದಾತು.”

ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಡುಗೆ ಎಣ್ಣೆಯ ಆಮದು ಸುಂಕ ಏರಿಸಿದ್ದನ್ನು ಅರ್ಥಶಾಸ್ತ್ರಜ್ಞರು ಪುಟಗಟ್ಟಲೆ ವಿವರಿಸಿದ್ದರು. ಅಕ್ಕ ಬಾಣಲೆಯಿಂದ ಕಣ್ಣು ತೆಗೆಯದೆ ಒಂದೇ ಸಾಲಿನಲ್ಲಿ ಮುಗಿಸಿದಳು.

ಸಾಧನೆ ಸಾರುವ ಈ ಚಟ ಮೊಬೈಲಿನ ಜೊತೆಗೆ ಬಂದದ್ದು ಎಂದು ಯುವಕರನ್ನು ಬೈಯುವ ಹಿರಿಯರಿಗೆ ಒಂದು ಮಾತು. ಇದರ ಹಿರಿಯಣ್ಣ ಇಲ್ಲೇ, ಹಂಪಿಯಲ್ಲಿದ್ದ. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸದರಲ್ಲಿ, 1510ರಲ್ಲಿ, ವಿರೂಪಾಕ್ಷನ ಗುಡಿಗೆ ರಂಗಮಂಟಪ ಕಟ್ಟಿಸಿದ್ದನ್ನು ಅಲ್ಲೇ ಶಾಸನ ಬರೆಸಿ ನಿಲ್ಲಿಸಿದ. ಉದಯಗಿರಿಯ ಕೋಟೆ ಗೆದ್ದು ಬಾಲಕೃಷ್ಣನ ವಿಗ್ರಹ ತಂದು 1515ರಲ್ಲಿ ಕೃಷ್ಣ ದೇವಾಲಯದಲ್ಲಿ ಪ್ರತಿಷ್ಠಾಪಿಸಿದಾಗಲೂ ಅಷ್ಟೇ: ಗುಡಿಯ ಮುಂದೆ ಶಾಸನ. ನಮ್ಮ ಸ್ಟೇಟಸ್ಸು ಇಪ್ಪತ್ತನಾಲ್ಕು ಗಂಟೆಗೆ ಮಾಯವಾಗುತ್ತದೆ; ಆತನದು ಐನೂರು ವರ್ಷ ದಾಟಿದರೂ ಇದೆ, ಅದಕ್ಕೆ ಚಾರ್ಜ್ ಕೂಡ ಬೇಕಿಲ್ಲ.

ವಿಜಯನಗರದ ಅರಸರು ಸಾಧನೆಯ ಜೊತೆಗೆ ಬಿರುದುಗಳನ್ನೂ ಬರೆಸುತ್ತಿದ್ದರು. ಅರಿರಾಯ ವಿಭಾಡ. ಮೂರುರಾಯರ ಗಂಡ. ಮತ್ತೊಂದು, ಭಾಷೆಗೆ ತಪ್ಪುವ ರಾಯರ ಗಂಡ. ಅಂದರೆ ಕೊಟ್ಟ ಮಾತಿಗೆ ತಪ್ಪುವ ರಾಜರನ್ನು ದಂಡಿಸುವವನು. ಮೊದಲಿನವಕ್ಕೆ ಈಗಲೂ ಗಿರಾಕಿಗಳಿದ್ದಾರೆ. ಹೊಸಪೇಟೆಯ ಯಾವ ವೃತ್ತದಲ್ಲಿ ನಿಂತರೂ ಹುಲಿ, ಸಿಂಹ, ಸಾಮ್ರಾಟ, ಬಡವರ ಬಂಧು ಎಂದು ಫ್ಲೆಕ್ಸುಗಳು ಆ ವಂಶವನ್ನು ಮುಂದುವರಿಸಿವೆ. ಕೊನೆಯ ಬಿರುದನ್ನು ಮಾತ್ರ ಯಾವ ಪಕ್ಷದವರೂ ಪ್ರಿಂಟ್ ಹಾಕಿಸಿದ್ದನ್ನು ನಾನು ಕಂಡಿಲ್ಲ. ಫ್ಲೆಕ್ಸಿನಲ್ಲಿ ಜಾಗವಿಲ್ಲವೆಂದಲ್ಲ. ಆ ಬಿರುದು ಧರಿಸಿದವನು ಮೊದಲು ಯಾರ ಮೇಲೆ ಏರಿ ಹೋಗಬೇಕಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಗೊತ್ತಿಲ್ಲದವರಿಗೆ ನಮ್ಮೂರಿನ 3,667 ಎಕರೆಯ ಕಥೆ ಹೇಳುತ್ತೇನೆ.

1971ರಲ್ಲಿ ಇಂದಿರಾ ಗಾಂಧಿಯವರು ತೋರಣಗಲ್ಲಿಗೆ ಬಂದು ವಿಜಯನಗರ ಉಕ್ಕು ಕಾರ್ಖಾನೆಗೆ ಅಡಿಗಲ್ಲು ಇಟ್ಟರು. ಅಡಿಗಲ್ಲು ತನ್ನ ಪಾಡಿಗೆ ಮಲಗಿತು, ಸರ್ಕಾರದ ಉಕ್ಕು ಕರಗಲೇ ಇಲ್ಲ. ತೊಂಬತ್ತರ ದಶಕದಲ್ಲಿ ಜಿಂದಾಲ್ ಬಂತು. ಕಾಗದದಲ್ಲಿ ಜೆಎಸ್‌ಡಬ್ಲ್ಯು, ಜನರ ಬಾಯಲ್ಲಿ ಇವತ್ತಿಗೂ ಜಿಂದಾಲ್. ಅದಕ್ಕೆ ಲೀಸ್ ಕಮ್ ಸೇಲ್ ಕರಾರಿನಲ್ಲಿ ಕೊಟ್ಟಿದ್ದ ಭೂಮಿಯನ್ನು ಪೂರಾ ಮಾರಿಬಿಡಲು 2019ರಲ್ಲಿ ಕುಮಾರಸ್ವಾಮಿ ನೇತೃತ್ವದ ಮೈತ್ರಿ ಸರ್ಕಾರ ಹೊರಟಿತು. ಆಗ ಬಿಜೆಪಿಗೆ ಭೂಮಿತಾಯಿ ನೆನಪಾದಳು. ಯಡಿಯೂರಪ್ಪನವರು ಬೆಂಗಳೂರಿನಲ್ಲಿ ಅಹೋರಾತ್ರಿ ಧರಣಿ ಕೂತರು. ಕಾಂಗ್ರೆಸ್ಸಿನೊಳಗೇ ಇದ್ದ ಎಚ್.ಕೆ. ಪಾಟೀಲರು ಬೇಡವೇ ಬೇಡ ಎಂದರು. ಹೊಸಪೇಟೆಯ ಶಾಸಕ ಆನಂದ್ ಸಿಂಗ್ ಅವರಂತೂ ಇದೇ ಕಾರಣ ಮುಂದಿಟ್ಟು ಜುಲೈ 1ರಂದು ರಾಜೀನಾಮೆಯನ್ನೇ ಬಿಸಾಕಿದರು. ಎಂಥ ವರ್ಷ! ಜಿಲ್ಲೆಯ ಭೂಮಿಗಾಗಿ ಇಷ್ಟು ಜನ ಒಟ್ಟಿಗೆ ಮರುಗಿದ್ದನ್ನು ನಾವು ಅದಕ್ಕೆ ಮುಂಚೆ ನೋಡಿರಲಿಲ್ಲ.

ಮುಂದೆ ಯಡಿಯೂರಪ್ಪನವರು ಮುಖ್ಯಮಂತ್ರಿಯಾದರು, ಆನಂದ್ ಸಿಂಗ್ ಅವರು ಬಿಜೆಪಿಯಿಂದ ಗೆದ್ದು ಮಂತ್ರಿಯಾದರು. 2021ರ ಏಪ್ರಿಲ್‌ನಲ್ಲಿ ಅದೇ ಸಂಪುಟ ಅದೇ ಮಾರಾಟಕ್ಕೆ ಒಪ್ಪಿತು. ತಮ್ಮವರೇ ಗಲಾಟೆ ಎಬ್ಬಿಸಿದ ಮೇಲೆ ತಡೆಹಿಡಿಯಿತು. ಆಗ ಮರುಗುವ ಸರದಿ ಕಾಂಗ್ರೆಸ್ಸಿನದು. 2024ರ ಆಗಸ್ಟ್ 22ರಂದು ಸಿದ್ದರಾಮಯ್ಯನವರ ಸಂಪುಟ ಆ ಕೆಲಸ ಮುಗಿಸಿತು. ಪಾಟೀಲರು ಆ ಸಂಪುಟದ ಕಾನೂನು ಸಚಿವರು. ಹಳೆಯ ಕರಾರಿನ ಲೆಕ್ಕದಂತೆ ಎಕರೆಗೆ ಒಂದೂಕಾಲು ಲಕ್ಷದಿಂದ ಒಂದೂವರೆ ಲಕ್ಷದ ಆಸುಪಾಸು. ಅಷ್ಟು ದುಡ್ಡಿಗೆ ಇವತ್ತು ತೋರಣಗಲ್ಲಿನಲ್ಲಿ ಬೈಕು ನಿಲ್ಲಿಸುವಷ್ಟು ಜಾಗ ಕೊಡುವವರಿದ್ದರೆ ದಯವಿಟ್ಟು ನನಗೂ ಒಂದು ಮಾತು ತಿಳಿಸಿ.

ಇದರಲ್ಲಿ ತಪ್ಪು ಯಾರದು ಎಂದು ನಾನು ಕೇಳುವುದಿಲ್ಲ. ಕಾರ್ಖಾನೆಗೆ ಭೂಮಿ ಬೇಕು, ಕರಾರಿದ್ದರೆ ಅದನ್ನು ನಡೆಸಬೇಕು ಎಂಬ ವಾದವೂ ನ್ಯಾಯದ್ದೇ. ಆದರೆ ಆ ನ್ಯಾಯ ವಿರೋಧ ಪಕ್ಷದ ಕುರ್ಚಿಯಲ್ಲಿ ಕೂತಾಗ ಒಬ್ಬರಿಗೂ ಹೊಳೆಯುವುದಿಲ್ಲ, ಆಡಳಿತದ ಕುರ್ಚಿಗೆ ಬಂದ ಕೂಡಲೇ ಎಲ್ಲರಿಗೂ ಹೊಳೆಯುತ್ತದೆ. ನನಗೆ ಅನುಮಾನ ಇರುವುದು ಕುರ್ಚಿಯ ಮೇಲೆ.

ಅದೇ ವರ್ಷದ ಜೂನ್‌ನಲ್ಲಿ ಇನ್ನೊಂದು ಸಾಧನೆಯಾಯಿತು. ಎಚ್.ಡಿ. ಕುಮಾರಸ್ವಾಮಿಯವರು ಕೇಂದ್ರದಲ್ಲಿ ಉಕ್ಕು ಸಚಿವರಾದವರೇ ಮೊದಲು ಸಹಿ ಹಾಕಿದ ಕಡತಗಳಲ್ಲಿ ಸಂಡೂರಿನ ದೇವದಾರಿ ಗಣಿಯದೂ ಇತ್ತು. ಕುದುರೆಮುಖದ ಕೆಐಒಸಿಎಲ್‌ಗೆ ಅದಿರು ಬೇಕು, ದೇವದಾರಿಯ ಕಾಡಿನಲ್ಲಿ ನಾನೂರು ಹೆಕ್ಟೇರಿಗೂ ಮಿಕ್ಕಿ ಜಾಗ ಬೇಕು. ಕಡಿಯಬೇಕಾದ ಮರಗಳು 99,330 ಎಂದು ಲೆಕ್ಕ. ಒಂದು ಲಕ್ಷಕ್ಕೆ 670 ಕಮ್ಮಿ! ಬಾಟಾ ಅಂಗಡಿಯ ಚಪ್ಪಲಿ ಬೆಲೆಯ ಹಾಗೆ ಕೇಳುವವರಿಗೆ ಹಗುರವಾಗಲಿ ಅಂತಲೋ ಏನೋ. ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ತಡೆದರು, ಜಗಳ ಹತ್ತಿತು. ಸಂಡೂರಿನ ಬೆಟ್ಟದ ಮೇಲೆ ಶತಮಾನಗಳಿಂದಲೂ ಒಬ್ಬ ಕುಮಾರಸ್ವಾಮಿ ಇದ್ದಾನೆ. ಆತನಿಗೆ ಸುತ್ತಲಿನ ಕಾಡು ಬೇಕು. ದಿಲ್ಲಿಯ ಕುಮಾರಸ್ವಾಮಿಗೆ ಅದರ ಅಡಿಯ ಅದಿರು ಬೇಕು. ಹರಕೆ ಯಾರಿಗೆ ಕಟ್ಟುವುದೆಂದು ಭಕ್ತರಿಗೆ ಗೊಂದಲ.

ಈಗ ನದಿಗೆ ಬರೋಣ. 2024ರ ನಿಜವಾದ ವಿಶೇಷ ಅದೇ, ಇನ್ಯಾರು ಏನೇ ಹೇಳಲಿ.

ಆಗಸ್ಟ್ ಹತ್ತರ ರಾತ್ರಿ ತುಂಗಭದ್ರಾ ಜಲಾಶಯ ತುಂಬಿ ತುಳುಕುತ್ತಿತ್ತು. ಕಂಪ್ಲಿ, ಸಿರುಗುಪ್ಪದ ಗದ್ದೆಗಳ ರೈತ ಈ ಸಲ ಗೆದ್ದೆ ಅಂದುಕೊಂಡು ಮಲಗಿದ್ದ. ಮುಖ್ಯಮಂತ್ರಿಗಳು ಹದಿಮೂರರಂದು ಬಂದು ಬಾಗಿನ ಕೊಡುವುದೆಂದು ಗೊತ್ತಾಗಿತ್ತು. ಬಾಗಿನಕ್ಕೆ ಮೊರ, ಸೀರೆ, ಬಳೆ ಎಲ್ಲ ಲೆಕ್ಕ ಹಾಕಿದವರು ಹತ್ತೊಂಬತ್ತನೇ ಗೇಟಿನ ಚೈನಿನ ಕೊಂಡಿಯನ್ನು ಲೆಕ್ಕ ಹಾಕಿರಲಿಲ್ಲ. ಕೊಂಡಿ ಕಳಚಿತು, ಗೇಟು ಕೊಚ್ಚಿಕೊಂಡು ಹೋಯಿತು. ಒಂದೇ ಗೇಟಿನ ಮೇಲೆ ಒತ್ತಡ ಬೀಳದಿರಲೆಂದು ಉಳಿದ ಮೂವತ್ತೆರಡನ್ನೂ ಎತ್ತಿದರು. ಕೆಳಗಿನ ಊರುಗಳಿಗೆ ಎಚ್ಚರಿಕೆ, ಮೇಲಿನ ಊರುಗಳಿಗೆ ಟಿವಿ. ಹಿಡಿದಿಟ್ಟ ನೀರು ಟಿಎಂಸಿಗಟ್ಟಲೆ ಕಣ್ಣೆದುರಿಗೇ ಹರಿದು ಹೋಗುವುದನ್ನು ರೈತರು ಸೇತುವೆಗಳ ಮೇಲೆ ನಿಂತು ನೋಡಿದರು. ಮುಖ್ಯಮಂತ್ರಿಗಳು ಹದಿಮೂರರಂದು ಮಾತಿನಂತೆ ಬಂದರು. ಆದರೆ ಬಾಗಿನವಿಲ್ಲದೆ.

ಡ್ಯಾಮಿಗೆ ಎಪ್ಪತ್ತು ವರ್ಷ ದಾಟಿದೆ, 1953ರಿಂದ ನೀರು ಹಿಡಿಯುತ್ತಿದೆ. ಅದರ ಪಕ್ಕದಲ್ಲೇ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಸರ್ಕಾರಿ ಕಾರ್ಖಾನೆಯೊಂದಿತ್ತು. ಅದರ ಕಸುಬೇ ಜಲಾಶಯಗಳಿಗೆ ಗೇಟು ಮಾಡುವುದು. ನಷ್ಟ, ನಷ್ಟ ಎಂದು ಕೊನೆಗೆ 2015ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಅದಕ್ಕೆ ಬಾಗಿಲು ಹಾಕಲು ಒಪ್ಪಿತು. ಆ ವರ್ಷ ಅದೂ ದಿಲ್ಲಿಯಲ್ಲಿ ಯಾರದೋ ಸಾಧನೆಯ ಪಟ್ಟಿಯಲ್ಲಿ ಒಂದು ಸಾಲಾಗಿ ಕೂತಿರಬೇಕು. ಗೇಟು ಮಾಡುವ ಊರಿನಲ್ಲಿ ಗೇಟಿನ ಕಾರ್ಖಾನೆ ಮುಚ್ಚಿ, ಗೇಟು ಹೋದ ರಾತ್ರಿ ಗೇಟು ಮಾಡುವವರು ಎಲ್ಲಿದ್ದಾರೆಂದು ಹುಡುಕುವ ಯೋಗ ಎಲ್ಲ ಜಿಲ್ಲೆಗಳಿಗೂ ಸಿಗುವುದಿಲ್ಲ.

ಆದರೂ ಕೆಲಸವಾಯಿತು, ಅದನ್ನು ಒಪ್ಪಬೇಕು. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ವಯಸ್ಸನ್ನು ಪಕ್ಕಕ್ಕಿಟ್ಟು ಬಂದರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟನ್ನು ಇಳಿಸುವುದೆಂದಾಯಿತು. ಅದರ ಭಾಗಗಳು ತೋರಣಗಲ್ಲಿನ ಜಿಂದಾಲ್‌ನಲ್ಲಿ, ಹೊಸಪೇಟೆಯ ನಾರಾಯಣ ಎಂಜಿನಿಯರಿಂಗ್, ಹಿಂದೂಸ್ತಾನ್ ಎಂಜಿನಿಯರಿಂಗ್ ಶೆಡ್ಡುಗಳಲ್ಲಿ ಹಗಲು ರಾತ್ರಿ ತಯಾರಾದವು. ಹದಿನಾರರಂದು ಮೊದಲ ತುಂಡು ಕೂತಿತು, ಹದಿನೇಳಕ್ಕೆ ನೀರು ನಿಂತಿತು. ವಾರವೊಂದರಲ್ಲಿ! ಸರ್ಕಾರಿ ಕೆಲಸ ಇಷ್ಟು ಬೇಗ ಮುಗಿದದ್ದು ಕಂಡು ಗಾಬರಿಯಾದವರೂ ಉಂಟು.

ಗಾಬರಿ ಇಳಿದ ಮೇಲೆ ಶುರುವಾಯಿತು ನೋಡಿ ಸಾಧಕರ ಜಾತ್ರೆ. ಗೇಟು ಕೊಚ್ಚಿ ಹೋದಾಗ ಹೊಣೆ ಹೊರಲು ಒಬ್ಬರೂ ಇರಲಿಲ್ಲ. ಅದು ತುಂಗಭದ್ರಾ ಮಂಡಳಿಯದು ಎಂದರು ಇವರು, ಮಂಡಳಿ ಮೂರು ರಾಜ್ಯಗಳದು ಎಂದಿತು, ಕೇಂದ್ರ ಎಂದರು, ರಾಜ್ಯ ಎಂದರು. ಗೇಟು ಕೂತ ಮರುದಿನ ಎಲ್ಲರೂ ಇದ್ದರು. ಡ್ಯಾಮಿನ ಮೇಲೆ ಹೆಲ್ಮೆಟ್ ಹಾಕಿಕೊಂಡು ಕೈ ತೋರಿಸುತ್ತಿರುವ ಫೋಟೊಗಳ ಮಹಾಪೂರ ಬಂತು. ಹೊರಹರಿವು ನಿಂತದ್ದು ನದಿಯಲ್ಲಿ ಮಾತ್ರ. ಕೈ ತೋರಿಸಿದವರ ಹೆಸರು ಕ್ಯಾಪ್ಷನ್ನಿನಲ್ಲಿತ್ತು. ಅವರು ತೋರಿಸಿದ ಕಡೆ ಹಗ್ಗ ಕಟ್ಟಿಕೊಂಡು ನೀರಿನ ಮೇಲೆ ನೇತಾಡುತ್ತಿದ್ದವರನ್ನು “ಸಿಬ್ಬಂದಿ” ಅಂದಿತ್ತು. ಸೆಪ್ಟೆಂಬರ್‌ನಲ್ಲಿ ಮಳೆ ಮತ್ತೆ ಕೈಹಿಡಿಯಿತು, ಜಲಾಶಯ ತುಂಬಿತು, ಬಾಗಿನವೂ ಆಯಿತು. ಮಳೆಗೆ ಯಾರೂ ಶಾಲು ಹೊದಿಸಲಿಲ್ಲ.

ಹಂಪಿಯ ಬಾಳೆತೋಟಗಳಿಗೆ ನೀರು ತರುವ ತುರ್ತಾ ಕಾಲುವೆ ವಿಜಯನಗರದ ಕಾಲದ್ದು, ಇನ್ನೂ ಹರಿಯುತ್ತಿದೆ. ಆ ಕಾಲುವೆಯನ್ನು ವರ್ಷವರ್ಷ ಹೂಳೆತ್ತಿ ನಡೆಸಿಕೊಂಡು ಬಂದವರ ಹೆಸರು ನಾನು ಕಂಡ ಯಾವ ಶಾಸನದಲ್ಲೂ ಇಲ್ಲ. ಕಟ್ಟಿಸಿದವನಿಗೆ ಕಲ್ಲು, ಕಾಪಾಡಿದವನಿಗೆ ಕೆಸರು. ರಿಪೇರಿ ಎಂಬುದು ನಮ್ಮಲ್ಲಿ ಯಾವ ಕಾಲಕ್ಕೂ ಹೈಲೈಟ್ ಆಗಲಿಲ್ಲ, ಆದ್ದರಿಂದ ಬಜೆಟ್ಟಿನಲ್ಲೂ ಅದಕ್ಕೆ ಕೊನೆಯ ಪಂಕ್ತಿ. ಮೇ 21ರ ಮಳೆಗೆ ವಿರೂಪಾಕ್ಷ ದೇವಾಲಯದ ಮುಂದಿನ ಸಾಲುಮಂಟಪದ ಕಂಬಗಳು ಉರುಳಿದಾಗಲೂ ಅಷ್ಟೇ ಆಯಿತು. ನಿಂತಿದ್ದಾಗ ಅದರ ಕಡೆ ತಿರುಗಿ ನೋಡದವರು ಬಿದ್ದ ಮೇಲೆ ಬಂದು ಸೆಲ್ಫಿ ತೆಗೆದುಕೊಂಡರು.

ಡ್ಯಾಮಿನಿಂದ ಟಿವಿ ವ್ಯಾನುಗಳು ವಾಪಸು ಹೋಗುವಷ್ಟರಲ್ಲಿ ಬಳ್ಳಾರಿಯ ಜೈಲಿಗೆ ಶುಕ್ರದೆಸೆ ಬಂತು. ಬೆಂಗಳೂರಿನ ಜೈಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತ ಫೋಟೊ ಹೊರಬಿದ್ದದ್ದರಿಂದ ನಟ ದರ್ಶನ್ ಅವರನ್ನು ಆಗಸ್ಟ್ 29ರಂದು ಇಲ್ಲಿಗೆ ತಂದರು. ಕೃಷ್ಣದೇವರಾಯನ ನಾಡಿಗೆ ನ್ಯಾಷನಲ್ ಚಾನಲ್ಲುಗಳು ಬಂದದ್ದು ಹೀಗೆ. ಸೆಪ್ಟೆಂಬರ್ ಕೊನೆಗೆ ಸುಪ್ರೀಂ ಕೋರ್ಟ್ ಗಣಿ ಪ್ರಕರಣದ ಜಾಮೀನಿನ ಷರತ್ತು ಸಡಿಲಿಸಿದ್ದರಿಂದ ಜನಾರ್ದನ ರೆಡ್ಡಿಯವರೂ ಬಹಳ ವರ್ಷಗಳ ಮೇಲೆ ಬಳ್ಳಾರಿಗೆ ಬಂದರು. ಹಾರ, ಪಟಾಕಿ, ಮೆರವಣಿಗೆ. ಒಬ್ಬರು ಒಳಗೆ ಬಂದರೂ ಜನ, ಇನ್ನೊಬ್ಬರು ಊರಿಗೆ ಬಂದರೂ ಜನ. 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟಾಗ ಅದನ್ನು ನೋಡಲು ಇಷ್ಟು ಜನ ಸೇರಿರಲಿಲ್ಲ.

ಈ ಪ್ಯಾರಾದಲ್ಲಿ ವ್ಯಂಗ್ಯ ಹುಡುಕಬೇಡಿ. ನವೆಂಬರ್ 13ರಂದು ಸಂಡೂರಿನಲ್ಲಿ ಉಪಚುನಾವಣೆ. ಮುಖ್ಯಮಂತ್ರಿ, ಮಂತ್ರಿಗಳು, ವಿರೋಧ ಪಕ್ಷದ ನಾಯಕರು ಎಲ್ಲ ಇಲ್ಲಿಯೇ ಸುತ್ತಾಡಿ ಹೋದ ದಿನಗಳು. ಅದೇ ವಾರ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸಾಯತೊಡಗಿದರು. ಐವರು ಹೋದರು. ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು. ಬಳಕೆ ನಿಲ್ಲಿಸಿದರು, ಔಷಧ ನಿಯಂತ್ರಕರನ್ನು ಅಮಾನತು ಮಾಡಿದರು, ಪರಿಹಾರ ಘೋಷಿಸಿದರು. 23ಕ್ಕೆ ಚುನಾವಣೆಯ ಫಲಿತಾಂಶ ಬಂತು, ಒಂಬತ್ತು ಸಾವಿರ ಚಿಲ್ಲರೆ ಮತಗಳ ಅಂತರ, ಗುಲಾಲು ಹಾರಿತು. ಎರಡೂ ಸುದ್ದಿ ಒಂದೇ ಜಿಲ್ಲೆಯದು, ಒಂದೇ ತಿಂಗಳದು. ವರ್ಷದ ಕೊನೆಗೆ ಯಾವುದರ ಫೋಟೊ ಸ್ಟೇಟಸ್ಸಿಗೆ ಏರಿತು ಎಂದು ನಾನು ಹೇಳಬೇಕಾಗಿಲ್ಲ.

ಇಷ್ಟೆಲ್ಲ ಬರೆದ ಮೇಲೆ ನನ್ನ ಪಟ್ಟಿ ಕೊಡದಿದ್ದರೆ ಮರ್ಯಾದೆಯಲ್ಲ. ಬಹಳ ಯೋಚಿಸಿದೆ. 2024ರಲ್ಲಿ ನಾನು ಹೆಚ್ಚು ಹೊತ್ತು ಮಾಡಿದ ಕೆಲಸ ಯಾವುದೆಂದರೆ ಕಾಯುವುದು. ಅದಿರು ತುಂಬಿದ ಗೂಡ್ಸ್ ರೈಲು ದಾಟಲಿ ಎಂದು ಕಾದೆ. ಹೊಸಪೇಟೆ-ಬಳ್ಳಾರಿ ಹೆದ್ದಾರಿಯ ಅಗಲೀಕರಣ ಮುಗಿಯಲಿ ಎಂದು ಕಾದೆ, ಅದು ಹಳೆಯ ಕಾಯುವಿಕೆ, ಆ ವರ್ಷಕ್ಕೆ ಮುಂದುವರಿದಿತ್ತು ಅಷ್ಟೇ. ಒಂದು ಕಚೇರಿಯಲ್ಲಿ ಸಾಹೇಬರು ಮೀಟಿಂಗಿನಿಂದ ಬರಲಿ ಎಂದು ಕಾದೆ. ಮೀಟಿಂಗಿನ ವಿಷಯ ಕಚೇರಿಯ ವಾರ್ಷಿಕ ಸಾಧನೆ ಎಂದು ಜವಾನ ಹೇಳಿದ.

ಒಬ್ಬ ನಾನೇ ಅಂತ ತಿಳಿಯಬೇಡಿ. ಐಟಿಐ ಮುಗಿಸಿದ ಹುಡುಗ ಗೇಟ್ ಪಾಸಿಗೆ ಕಾಯುತ್ತಾನೆ. ಪಾಸು ಸಿಕ್ಕವನು ಸಿ ಶಿಫ್ಟ್ ಮುಗಿಯಲು ಕಾಯುತ್ತಾನೆ. ಕಾಲುವೆಯ ಕೊನೆಯ ರೈತ ನೀರಿಗೆ ಕಾಯುತ್ತಾನೆ. ಕಾಯುವುದರ ಫೋಟೊ ಚೆನ್ನಾಗಿ ಬರುವುದಿಲ್ಲ, ಅದಕ್ಕೆ ಯಾರೂ ಹಾಡು ಹಾಕುವುದಿಲ್ಲ, ಫೋನಿನ ಬುದ್ಧಿವಂತಿಕೆಗೂ ಅದು ಕಾಣುವುದಿಲ್ಲ. ಕೊಟ್ಟ ಮಾತು ಈಡೇರಿಸಲಿ ಎಂದು ಕಾಯುತ್ತ ಕೂತವರ ವರ್ಷ, ಮಾತು ಕೊಟ್ಟವರ ವರ್ಷಕ್ಕಿಂತ ಬಹಳ ಉದ್ದ.

ಅನುಮಾನವಿದ್ದರೆ ತೋರಣಗಲ್ಲಿನಿಂದ ಬಳ್ಳಾರಿ ಕಡೆ ಹೊರಟು ಕುಡತಿನಿಯಲ್ಲಿ ಇಳಿಯಿರಿ. ಆರ್ಸೆಲರ್ ಮಿತ್ತಲ್ ಮೊದಲಾದ ಉಕ್ಕಿನ ಕಂಪನಿಗಳು ಬರುತ್ತವೆ, ಮನೆಗೊಂದು ನೌಕರಿ ಸಿಗುತ್ತದೆ ಎಂದು ನಂಬಿ 2010ರ ಸುಮಾರಿಗೆ ಜಮೀನು ಬಿಟ್ಟ ರೈತರು ಅಲ್ಲಿ 2022ರ ಡಿಸೆಂಬರ್‌ನಿಂದ ಧರಣಿ ಕೂತಿದ್ದರು. ಭೂಮಿ ಹೋಯಿತು, ಕಾರ್ಖಾನೆ ಬರಲಿಲ್ಲ. ಧರಣಿ 2024ರ ಡಿಸೆಂಬರ್‌ನಲ್ಲಿ ಮೂರನೇ ವರ್ಷಕ್ಕೆ ಕಾಲಿಟ್ಟಿತ್ತು.